ಮನೆಯಲ್ಲಿಲ್ಲದ ಗಡಿಯಾರ

ಆ ಮನೆಯಲ್ಲಿ ರೂಟರ್‌ಗೆ ಒಂದು ಹೆಸರಿತ್ತು. ಅದನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಎರಡು ತೋರುಬೆರಳುಗಳನ್ನು ಹಣೆಯ ಎರಡೂ ಬದಿಗೆ ಇಟ್ಟು ನೆಟ್ಟಗೆ ನಿಲ್ಲಿಸಿದರೆ ಅದೇ ಅದರ ಹೆಸರು: ಕೊಂಬಿನವನು. ಹಾಗೆ ಹೆಸರಿಟ್ಟವನು ಭಾವ, ಅಕ್ಕನ ಗಂಡ. ಭಾವ ಬಡಗಿ, ಹುಟ್ಟಿನಿಂದ ಕಿವುಡ. ಅಕ್ಕ ಟೈಲರ್, ಅವಳೂ ಹುಟ್ಟಿನಿಂದ ಕಿವುಡಿ. ಆ ಮನೆಯಲ್ಲಿ ಕಿವಿ ಕೇಳುವವಳೆಂದರೆ ಅಕ್ಕನ ತಂಗಿ ಒಬ್ಬಳೇ. ಮಾತು ಕಲಿಯುವ ಮೊದಲೇ ಅಕ್ಕನ ಕೈ ನೋಡಿ ಸನ್ನೆ ಕಲಿತವಳು ಅವಳು. ದೊಡ್ಡವಳಾದ ಮೇಲೆ ಅದನ್ನೇ ಕೆಲಸ ಮಾಡಿಕೊಂಡಳು. ಆಸ್ಪತ್ರೆ, ಬ್ಯಾಂಕು, ನ್ಯಾಯಾಲಯಗಳಿಗೆ ವೀಡಿಯೊ ಕರೆಯ ಮೂಲಕ ದುಭಾಷಿಗಳನ್ನು ಒದಗಿಸುವ ಒಂದು ಸಂಸ್ಥೆಯಲ್ಲಿ ಅವಳು ದುಭಾಷಿ. ಹಿಂದಿನ ಕೋಣೆಯ ಗೋಡೆಗೆ ಒಂದು ನೀಲಿ ಬಟ್ಟೆ, ಮುಂದೆ ಲ್ಯಾಪ್‌ಟಾಪ್, ಕಿವಿಯ ಮೇಲೆ ದಪ್ಪ ಹೆಡ್‌ಫೋನ್. ಬೆಳಿಗ್ಗೆ ಕೂತರೆ ಸಂಜೆಯವರೆಗೆ ಅಲ್ಲೇ.

ಕೊಂಬಿನವನು ಮನೆಗೆ ಬಂದಾಗಿನಿಂದ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಅಷ್ಟರಲ್ಲಿ ಫ್ರಿಜ್ ರಿಪೇರಿಗೆ ಹೋಗಿ ಬಂತು, ನೀರಿನ ಮೋಟಾರು ಸುಟ್ಟುಹೋಯಿತು, ಅಕ್ಕನ ಹೊಲಿಗೆ ಯಂತ್ರದ ಬೆಲ್ಟು ಹರಿಯಿತು. ಇವನು ಮಾತ್ರ ಮುಂಬಾಗಿಲ ಪಕ್ಕದ ಒಳ ಓಣಿಯ ಗೋಡೆಗೆ ಅಂಟಿಕೊಂಡು ತನ್ನ ಪಾಡಿಗೆ ತಾನಿದ್ದ. ದುಡಿಯುವ ಎತ್ತಿನ ಕಡೆ ಯಾರೂ ನೋಡುವುದಿಲ್ಲ ಎಂಬ ಹಾಗೆ ಅವನ ಕಡೆಯೂ ಯಾರೂ ನೋಡುತ್ತಿರಲಿಲ್ಲ.

ಒಂದೇ ಒಂದು ಸಲ ಅವನು ಆರಿಹೋಗಿದ್ದ. ಆ ತಪ್ಪು ಅವನದಲ್ಲ. ಮನೆಯ ಕರೆಗಂಟೆಗೆ ಸದ್ದಿಲ್ಲ. ಹೊರಗೆ ಗುಂಡಿ ಒತ್ತಿದರೆ ಕೋಣೆ ಕೋಣೆಯಲ್ಲೂ ದೀಪ ಮಿನುಗುತ್ತದೆ. ಆ ದೀಪದ ವ್ಯವಸ್ಥೆಗೂ ರೂಟರ್‌ಗೂ ವಿದ್ಯುತ್ತು ಬರುವುದು ಓಣಿಯ ಒಂದೇ ಪ್ಲಗ್ ಬೋರ್ಡಿನಿಂದ. ಬಟ್ಟೆ ಹೊಲಿಸಲು ಬಂದ ಹೆಂಗಸೊಬ್ಬಳು ತನ್ನ ಫೋನಿಗೆ ಚಾರ್ಜ್ ಹಾಕಲು ಎಲ್ಲವನ್ನೂ ಕಿತ್ತಿದ್ದಳು. ಅಂದು ತಂಗಿಯೂ ಊರಲ್ಲಿರಲಿಲ್ಲ; ಭಾವ ಸಂಜೆ ಕೆಲಸದಿಂದ ಬಂದು, ತನ್ನದೇ ಮನೆಯ ಗುಂಡಿ ಒತ್ತುತ್ತ ಬಾಗಿಲ ಹೊರಗೆ ನಿಂತೇ ಇದ್ದ. ಮರುದಿನವೇ ಅವನು ಒಳ್ಳೆಯ ಮರ ತಂದು, ಇಡೀ ಬೋರ್ಡಿಗೆ, ಅಡಾಪ್ಟರ್ ಸಮೇತ, ಒಂದು ಮುಚ್ಚಳದ ಪೆಟ್ಟಿಗೆ ಮಾಡಿ ನಾಲ್ಕೂ ಮೂಲೆಗೆ ತಿರುಪು ಬಿಗಿದ. ಪಾಲಿಶ್ ಹೊಡೆದ. ಧೂಳು ಹೋಗಬಾರದೆಂದು ಸಣ್ಣ ಕಿಂಡಿಯನ್ನೂ ಬಿಡಲಿಲ್ಲ. ವೈರು ಹೊರಗೆ ಬರುವ ತೂತನ್ನು ಸಹ ಮೇಣದಿಂದ ಮುಚ್ಚಿದ. ಬಂದವರೆಲ್ಲ ಅದು ಸಣ್ಣ ಬೀರು ಎಂದುಕೊಂಡು ಮೇಲೆ ಕೀಲಿಕೈ ಇಡುತ್ತಿದ್ದರು.

ತೊಂದರೆ ಶುರುವಾದದ್ದು ಹೇಗೆಂದು ಯಾರಿಗೂ ಖಚಿತವಿಲ್ಲ. ಮೊದಲು ಬ್ಯಾಂಕಿನ ಒಂದು ಕರೆ ನಡುವೆ ನಿಂತಿತು. ಆಮೇಲೆ ದಂತವೈದ್ಯರ ಕರೆ. ದುಭಾಷಿ ಎದ್ದು ಓಣಿಗೆ ಬರುವಷ್ಟರಲ್ಲಿ ಹಸಿರು ದೀಪಗಳು ಸಾಲಾಗಿ ಉರಿಯುತ್ತಿದ್ದವು. ಸಂದೇಶ ಕಳಿಸಿದರೆ ಹೋಗುತ್ತಿತ್ತು, ವೇಗ ಅಳೆದರೆ ಸರಿಯಾಗಿತ್ತು. ಕೈಗಳು ಆಡುವ ದೊಡ್ಡ ಚಿತ್ರ ತೆರೆದು ಸ್ವಲ್ಪ ಹೊತ್ತಾದರೆ ಮಾತ್ರ ಸಂಪರ್ಕ ಬಿದ್ದುಹೋಗುತ್ತಿತ್ತು.

ಇಂಟರ್‌ನೆಟ್ ಕಂಪನಿಯವನು ಬಂದ. ತಂತಿ ಅಳೆದ. ದೀಪ ನೋಡಿದ.

"ನಮ್ಮ ಕಡೆಯಿಂದ ಎಲ್ಲ ಸರಿ ಇದೆ ಮೇಡಂ. ಒಂದ್ಸಲ ಆಫ್ ಮಾಡಿ ಆನ್ ಮಾಡಿ."

"ಲೈನು ತಾನಾಗೇ ಆಫ್ ಆಗಿ ಆನ್ ಆಗ್ತಿದೆಯಲ್ಲ, ಅದಕ್ಕೇ ನಿಮ್ಮನ್ನ ಕರೆದಿದ್ದು."

"ಹಾಗಾದ್ರೆ ರೂಟರ್ ಹಳೇದಾಯ್ತು. ಹೊಸದು ಹಾಕ್ಕೊಳ್ಳಿ," ಎಂದು ಅವನು ಚಪ್ಪಲಿ ಮೆಟ್ಟಿದ.

ಹೊಸದು ಬಂತು. ಅದಕ್ಕೂ ಕೊಂಬು ಇದ್ದುದರಿಂದ ಹೆಸರು ಬದಲಾಗಲಿಲ್ಲ. ಭಾವ ರಟ್ಟಿನ ಡಬ್ಬ ಬಿಡಿಸಿ ಹೊಸ ಅಡಾಪ್ಟರಿನ ಮೇಲಿನ ಅಕ್ಷರ ಓದಿದ, ಹಳೆಯದರ ವಿವರ ನೆನಪಿಸಿಕೊಂಡ. ವೋಲ್ಟ್ ಅದೇ, ಪಿನ್ನೂ ಅದೇ. ಹಳೆಯ ವೈರು ಮರದ ಪೆಟ್ಟಿಗೆಯಿಂದ ಹೊರಗೆ ಬಂದು ಜೋತಾಡುತ್ತಿತ್ತು. ಅದನ್ನೇ ಹೊಸ ರೂಟರಿಗೆ ಚುಚ್ಚಿದ.

"ಇದನ್ನ ಬಿಚ್ಚೋದು ಯಾಕೆ? ಅಡಾಪ್ಟರ್‌ಗೆ ಏನಾಗಿದೆ?" ಎಂದು ಕೈಯಲ್ಲಿ ಕೇಳಿದ. "ಹೊಸದು ಡಬ್ಬದಲ್ಲೇ ಇರಲಿ."

ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ಡಬ್ಬ ಅಟ್ಟಕ್ಕೆ ಹೋಯಿತು. ಮರುದಿನ ಮಧ್ಯಾಹ್ನ ಔಷಧ ಅಂಗಡಿಯ ಕರೆ ಅರ್ಧಕ್ಕೆ ಬಿತ್ತು.

ಇದೇ ದಿನಗಳಲ್ಲಿ ಭಾವನ ತಾಯಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಚೇತರಿಸಿಕೊಳ್ಳಲು ಬಂದಿದ್ದರು. ಅಕ್ಕನಿಗೆ ಅತ್ತೆ, ದುಭಾಷಿಯೂ ಅತ್ತೆ ಎಂದೇ ಕರೆಯುತ್ತಿದ್ದಳು. ಹಾಲ್‌ನಲ್ಲಿ, ಓಣಿಯ ಕಡೆಗೆ ತಲೆ ಹಾಕಿ, ಕಪ್ಪು ಕನ್ನಡಕ ತೊಟ್ಟು ಮಲಗಿರುತ್ತಿದ್ದರು. ಟಿ.ವಿ. ನೋಡುವಂತಿರಲಿಲ್ಲ, ಓದುವಂತಿರಲಿಲ್ಲ. ಮಗನಿಗೂ ಸೊಸೆಗೂ ಸನ್ನೆ ಮಾಡಿ ಕೈ ಸೋಲುತ್ತಿತ್ತು. ಉಳಿದದ್ದು ಬಾಯಿ, ಕಿವಿ.

"ನಿಮ್ಮನೇಲಿ ಯಾವುದೋ ಗಡಿಯಾರ ಕೆಟ್ಟಿದೆ ಕಣೇ," ಎಂದರು ಒಂದು ಬೆಳಿಗ್ಗೆ. "ಟಿಕ್ ಟಿಕ್ ಅಂತ ಓಡುತ್ತೆ, ನಿಲ್ಲುತ್ತೆ, ಮತ್ತೆ ಓಡುತ್ತೆ."

"ಅತ್ತೆ, ನಮ್ಮನೇಲಿ ಗಡಿಯಾರಾನೇ ಇಲ್ಲ. ಎಲ್ಲರೂ ಫೋನ್ ನೋಡ್ಕೋತೀವಿ."

"ಇಲ್ಲದ ಗಡಿಯಾರ ಹೊಡ್ಕೋತಿದೆ ಅಂತಾನೇ ನಾನೂ ಹೇಳ್ತಿರೋದು."

"ಮರದ ಹುಳ ಇರಬೇಕು."

"ಹುಳಾನೂ ಆಗಾಗ ಆಫೀಸಿಗೆ ಹೋಗಿ ಬರುತ್ತೇನೋ! ನೀನು ಆ ಬೋಗುಣಿಗಳನ್ನ ಕಿವಿಗೆ ಹಾಕ್ಕೊಂಡ ಕೂಡಲೆ ಶುರುವಾಗುತ್ತೆ. ನೀನು ಎದ್ದು ಬಂದರೆ ಸುಮ್ಮನಾಗುತ್ತೆ."

ದುಭಾಷಿ ನಕ್ಕು ಕೋಣೆಗೆ ಹೋದಳು. ಅತ್ತೆ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಕೇಳಿದವಳಿಗೆ ಪುರುಸೊತ್ತಿರಲಿಲ್ಲ.

ಅವಳ ತಲೆಯಲ್ಲಿ ಇದ್ದದ್ದು ಇಸ್ತ್ರಿಯವಳ ವಿಚಾರಣೆ. ದೂರದ ಒಂದು ಪಟ್ಟಣದಲ್ಲಿ, ಲಾಂಡ್ರಿಯೊಂದರಲ್ಲಿ ಬಟ್ಟೆ ಇಸ್ತ್ರಿ ಮಾಡುವ ಕಿವುಡಿ ಅವಳು. ಗಂಡನಿಂದ ಬೇರೆಯಾಗಿದ್ದಾಳೆ. ಸಣ್ಣ ಮಗಳು ಸದ್ಯಕ್ಕೆ ಗಂಡನ ಮನೆಯಲ್ಲಿದ್ದಾಳೆ. ಮಗಳನ್ನು ತನಗೆ ಕೊಡಿ ಎಂಬುದು ಅವಳ ಅರ್ಜಿ. ಕಿವಿ ಕೇಳದವಳಿಗೆ ಮಗುವನ್ನು ನೋಡಿಕೊಳ್ಳಲಾಗದು ಎಂಬುದು ಗಂಡನ ಕಡೆಯವರ ವಾದ. ಶಾಲೆಯಲ್ಲಿ ಕಲಿಸುವ ಸನ್ನೆ ಅವಳಿಗೆ ಅರ್ಧ ಬರುತ್ತದೆ. ಉಳಿದರ್ಧ ಅವಳೂ ಅವಳ ತಾಯಿಯೂ ಮನೆಯಲ್ಲೇ ಕಟ್ಟಿಕೊಂಡದ್ದು. ಹಿಂದೆ ವಕೀಲರೊಂದಿಗಿನ ಮಾತುಕತೆಗಳಲ್ಲಿ ಕೂತು ಕೂತು ದುಭಾಷಿ ಅದನ್ನು ಒಂದೊಂದಾಗಿ ಕಲಿತಿದ್ದಳು. ಬೇರೆ ಯಾವ ದುಭಾಷಿಗೂ ಅದು ಬರುತ್ತಿರಲಿಲ್ಲ.

ವಿಚಾರಣೆಯ ಹಿಂದಿನ ದಿನ ಸಂಸ್ಥೆಯ ಮೇಲ್ವಿಚಾರಕಿ ಫೋನ್ ಮಾಡಿದಳು.

"ನಿಮ್ಮ ಲೈನ್ ಬಗ್ಗೆ ದೂರು ಬರ್ತಾ ಇದೆ. ನಾಳೆದು ಬೇರೆಯವರಿಗೆ ಕೊಡ್ಲಾ?"

"ಅವಳ ಸನ್ನೆ ಬೇರೆಯವರಿಗೆ ತಿಳಿಯಲ್ಲ ಮೇಡಂ."

"ಲೈನೇ ಹೋದ್ರೆ ನಿಮಗೆ ತಿಳಿದು ಏನು ಪ್ರಯೋಜನ?"

"ಹೊಸ ರೂಟರ್ ಹಾಕಿದ್ದೀವಿ. ಆಗುತ್ತೆ."

"ಆಗುತ್ತಾ?"

"ಆಗುತ್ತೆ," ಎಂದಳು ದುಭಾಷಿ. ಔಷಧ ಅಂಗಡಿಯ ಕರೆ ಬಿದ್ದುಹೋದದ್ದನ್ನು ಹೇಳಲಿಲ್ಲ. ಅದು ಅಂಗಡಿಯವರ ಕಡೆಯ ದೋಷ ಇದ್ದರೂ ಇರಬಹುದೆಂದು ತನಗೆ ತಾನೇ ಹೇಳಿಕೊಂಡಳು.

ಮರುದಿನ ವಿಚಾರಣೆ ಹೇಳಿದ ಹೊತ್ತಿಗೇ ಶುರುವಾಯಿತು. ನ್ಯಾಯಾಲಯದ ಕೋಣೆಯಲ್ಲಿ ಎರಡು ಕ್ಯಾಮೆರಾ: ಪರದೆಯ ಒಂದು ಚೌಕದಲ್ಲಿ ನ್ಯಾಯಾಧೀಶರು, ಮುಂದೆ ಕಡತಗಳ ರಾಶಿ. ಇನ್ನೊಂದರಲ್ಲಿ ಇಸ್ತ್ರಿಯವಳು, ತೋಳಿನ ಗುಂಡಿ ಹಾಕಿದ ರವಿಕೆ, ಎಣ್ಣೆ ಹಚ್ಚಿ ಬಾಚಿದ ತಲೆ. ಹಿಂದಿನ ಬೆಂಚಿನಲ್ಲಿ ಗಂಡನ ಅಣ್ಣ. ಕಿವಿಯಲ್ಲಿ ಕೇಳಿದ್ದನ್ನು ದುಭಾಷಿ ಕೈಗೆ ತರುತ್ತಿದ್ದಳು, ಕೈಯಲ್ಲಿ ಕಂಡದ್ದನ್ನು ಬಾಯಿಗೆ. ಹೆಸರು, ಕೆಲಸ, ಮನೆ, ಬಾಡಿಗೆ, ಶಾಲೆಗೆ ಎಷ್ಟು ದೂರ. ಎಲ್ಲವೂ ನಡೆಯಿತು. ಆಮೇಲೆ ನ್ಯಾಯಾಧೀಶರು ಕನ್ನಡಕ ತೆಗೆದು ಕೇಳಿದರು:

"ರಾತ್ರಿ ಮಗು ಅತ್ತರೆ, ಜ್ವರದಲ್ಲಿ ನರಳಿದರೆ, ನಿಮಗೆ ಹೇಗೆ ಗೊತ್ತಾಗುತ್ತೆ?"

ಇಡೀ ಪ್ರಕರಣ ಇದ್ದದ್ದು ಆ ಪ್ರಶ್ನೆಯಲ್ಲೇ. ದುಭಾಷಿ ಅದನ್ನು ಕೈಯಲ್ಲಿ ಕೇಳಿದಳು. ಇಸ್ತ್ರಿಯವಳು ತಲೆಯಾಡಿಸಿ, ಎರಡೂ ಕೈ ಮೇಲೆತ್ತಿದಳು.

ಚಿತ್ರ ನಿಂತಿತು. ಎತ್ತಿದ ಕೈ ಎತ್ತಿದಂತೆಯೇ ಇತ್ತು.

ಮಾತು ತುಂಡಾದರೆ ಹಿಂದುಮುಂದು ನೋಡಿ ಊಹಿಸಬಹುದು. ಕೈ ತುಂಡಾದರೆ ಊಹಿಸಲು ಏನೂ ಉಳಿಯುವುದಿಲ್ಲ. ದುಭಾಷಿ ಅಲುಗದೆ ಕಾದಳು. ಚಿತ್ರ ಮತ್ತೆ ಬಂದಾಗ ಇಸ್ತ್ರಿಯವಳು ಎರಡೂ ಅಂಗೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಿಗಿಯಾಗಿ ಕೂತಿದ್ದಳು. ಗಂಡನ ಅಣ್ಣ ಎದ್ದು ನಿಂತಿದ್ದ.

"ಅವಳ ಸನ್ನೆ ನನಗೂ ಬರುತ್ತೆ ಸ್ವಾಮಿ. ಮನೇಲಿ ನೋಡಿದ್ದೀನಲ್ಲ. ನಾನೇ ಹೇಳಿಬಿಡ್ತೀನಿ."

"ದುಭಾಷಿ ಬಂದಿದ್ದಾರೆ, ನೀವು ಕೂತ್ಕೊಳ್ಳಿ," ಎಂದರು ನ್ಯಾಯಾಧೀಶರು. "ಪ್ರಶ್ನೆ ಇನ್ನೊಮ್ಮೆ ಕೇಳಿ."

ಕೇಳಿದಳು. ಇಸ್ತ್ರಿಯವಳು ಕಂಕುಳಿಂದ ಕೈ ಬಿಡಿಸಿದಳು. ಮತ್ತೆ ಚಿತ್ರ ನಿಂತಿತು. ಈ ಸಲ ಪರದೆ ಪೂರ್ತಿ ಬಿಳಿಚಿತು.

ದುಭಾಷಿ ಫೋನ್ ಎತ್ತಿಕೊಂಡು ಅದರಿಂದಲೇ ಸೇರಲು ನೋಡಿದಳು. ಆ ದಪ್ಪ ಗೋಡೆಗಳ ನಡುವೆ ಫೋನಿಗೆ ಸಿಗ್ನಲ್ ಬರುವುದು ಅಷ್ಟಕ್ಕಷ್ಟೆ. ನ್ಯಾಯಾಲಯದ ಚಿತ್ರ ಬಣ್ಣಬಣ್ಣದ ಚೌಕಗಳಾಗಿ ಒಡೆದು, ನ್ಯಾಯಾಧೀಶರ ಮುಖ ಯಾವುದು, ಗೋಡೆ ಯಾವುದು ಎಂದು ತಿಳಿಯದಾಯಿತು. ಹೆಡ್‌ಫೋನನ್ನು ಕುತ್ತಿಗೆಗೆ ಎಳೆದುಕೊಂಡು ಓಣಿಗೆ ಓಡಿದಳು. ಹೊಸ ರೂಟರಿನ ದೀಪಗಳೆಲ್ಲ ಆರಿ, ಒಂದೊಂದಾಗಿ ಹತ್ತಿಕೊಳ್ಳಲು ಹೆಣಗುತ್ತಿದ್ದವು. ಹತ್ತಿ, ಮತ್ತೆ ಆರಿದವು.

"ಕೇಳು ಈಗ!" ಅತ್ತೆ ಮಂಚದಲ್ಲೇ ಎದ್ದು ಕೂತರು. "ಹುಳ ಅಂದ್ಯಲ್ಲ, ಹುಳಕ್ಕೆ ಇಷ್ಟು ಆವೇಶ ಬರುತ್ತಾ?"

ದುಭಾಷಿ ಬೈಯಲು ಬಾಯಿ ತೆರೆದವಳು ಹಾಗೆಯೇ ನಿಂತಳು. ಅವಳಿಗೂ ಕೇಳಿಸಿತು. ಟಿಕ್, ಟಿಕ್, ಟಿಕ್. ದೀಪ ಆರಿದಾಗಲೆಲ್ಲ ಸದ್ದು. ಬರುತ್ತಿದ್ದದ್ದು ರೂಟರಿನಿಂದಲ್ಲ. ಅದರ ಕೆಳಗೆ, ಪಾಲಿಶ್ ಹೊಡೆದ ಮರದೊಳಗಿಂದ.

ಅಕ್ಕ ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದಳು. ತಂಗಿಯ ಮುಖ ನೋಡಿ, ಅವಳ ದೃಷ್ಟಿ ಹೋದ ಕಡೆ ನೋಡಿ, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ತಟ್ಟನೆ ಕೈ ತೆಗೆದಳು.

"ಜ್ವರ ಬಂದ ಹಾಗೆ ಕಾದಿದೆ," ಎಂದು ಸನ್ನೆ ಮಾಡಿದಳು. "ಒಳಗೆ ಯಾರೋ ಬೆರಳಿಂದ ಬಡೀತಿದ್ದಾರೆ."

"ಬಿಚ್ಚು," ಎಂದಳು ತಂಗಿ.

ಅಕ್ಕ ಯಂತ್ರದ ಸ್ಕ್ರೂಡ್ರೈವರ್ ತಂದಳು. ತಿರುಪುಗಳು ಪಾಲಿಶ್‌ನೊಂದಿಗೆ ಕಚ್ಚಿಕೊಂಡಿದ್ದವು. ಭಾವ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದ. ಒಂದು ತಿರುಪಿನ ತಲೆ ಸವೆದು ಬಿಚ್ಚಲೇ ಬರಲಿಲ್ಲ. ಅಕ್ಕ ಕತ್ತರಿಯ ತುದಿ ತೂರಿಸಿ ಮೂಲೆಯನ್ನೇ ಸೀಳಿದಳು. ಒಳಗಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ಬಿಸಿ ವಾಸನೆ ಹೊರಬಂತು. ಒಂದು ಕಾಲದಲ್ಲಿ ಬೆಳ್ಳಗಿದ್ದ ಅಡಾಪ್ಟರ್ ಕಂದಾಗಿ, ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಎಷ್ಟೋ ಬೇಸಿಗೆಗಳಿಂದ ಗಾಳಿಯಿಲ್ಲದೆ ಬೆಂದು, ಕಡಿಮೆ ಕೆಲಸ ಬಿದ್ದಾಗ ಹೇಗೋ ತಳ್ಳಿ, ಭಾರ ಬಿದ್ದಾಗ ಕೈಚೆಲ್ಲುತ್ತಿತ್ತು. ಒಂದರ ಮೇಲೊಂದು ಎರಡು ರೂಟರ್ ಅದರ ತಪ್ಪನ್ನು ಹೊತ್ತುಕೊಂಡಿದ್ದವು.

"ಧೂಳು ಹೋಗಬಾರದು ಅಂತ," ಎಂದಳು ಅಕ್ಕ. ಗಂಡನನ್ನು ಸಮರ್ಥಿಸಲೂ ಇಲ್ಲ, ದೂರಲೂ ಇಲ್ಲ.

"ಅವನು ಮೊದಲಿಂದಲೂ ಹಾಗೇ," ಎಂದರು ಅತ್ತೆ, ವಾಸನೆ ಹಿಡಿದು. "ಚಿಕ್ಕವನಿದ್ದಾಗ ಗಿಣಿಗೆ ಚಳಿಯಾಗುತ್ತೆ ಅಂತ ಪಂಜರಕ್ಕೆ ಕಂಬಳಿ ಹೊದಿಸಿದವನು."

ಗಿಣಿ ಏನಾಯಿತೆಂದು ಯಾರೂ ಕೇಳಲಿಲ್ಲ. ದುಭಾಷಿ ಅಟ್ಟಕ್ಕೆ ಕೈ ಹಾಕಿ ಡಬ್ಬ ಎಳೆದಳು. ಹೊಸ ಅಡಾಪ್ಟರ್ ಪ್ಲಾಸ್ಟಿಕ್ ಚೀಲದಲ್ಲಿ ಇದ್ದ ಹಾಗೇ ಇತ್ತು. ಚೀಲವನ್ನು ಹಲ್ಲಿನಿಂದ ಹರಿದಳು. ಚುಚ್ಚಿದಳು. ದೀಪಗಳು ಒಂದೊಂದಾಗಿ ಬಂದವು. ಅವು ಯಾರ ಅವಸರಕ್ಕೂ ಬರುವಂಥವಲ್ಲ. ಮೊದಲನೆಯದು, ಎರಡನೆಯದು; ಮೂರನೆಯದು ಮಿನುಗುತ್ತಲೇ ಇತ್ತು. ಅದರ ಮುಂದೆ ನಿಂತಿದ್ದಾಗ ಅವಳಿಗೆ ಬಂದದ್ದು ಸಿಟ್ಟಲ್ಲ, ಅಳುವೂ ಅಲ್ಲ. ಅಲ್ಲೇ ನೆಲದ ಮೇಲೆ ಮಲಗಿಬಿಡಬೇಕೆನ್ನುವಂಥ ದಣಿವು.

ಮತ್ತೆ ಸೇರಿಕೊಂಡಾಗ ನ್ಯಾಯಾಧೀಶರ ಕುರ್ಚಿ ಖಾಲಿಯಿತ್ತು. ಗಂಡನ ಅಣ್ಣನೂ ಇರಲಿಲ್ಲ, ವಕೀಲರೂ ಇರಲಿಲ್ಲ. ಕ್ಲರ್ಕ್ ಒಬ್ಬ ಕಡತಗಳನ್ನು ಜೋಡಿಸುತ್ತಿದ್ದ. ಇಸ್ತ್ರಿಯವಳು ಮಾತ್ರ ಅದೇ ಕುರ್ಚಿಯಲ್ಲಿ, ಕೈ ಕಂಕುಳಲ್ಲಿಟ್ಟುಕೊಂಡು, ಪರದೆಯನ್ನೇ ನೋಡುತ್ತ ಕೂತಿದ್ದಳು. ಕಲಾಪ ಮುಗಿಯಿತೆಂದು ಬಾಯಲ್ಲಿ ಹೇಳಿದ್ದರು. ಕೈಯಲ್ಲಿ ಯಾರೂ ಹೇಳಿರಲಿಲ್ಲ.

"ಸರ್, ನಾನು ದುಭಾಷಿ. ಏನು ಆದೇಶ ಆಯ್ತು?"

ಕ್ಲರ್ಕ್ ತಲೆಯೆತ್ತಿದ. "ಮುಂದೂಡಿದ್ದಾರೆ ಮೇಡಂ. ಅಲ್ಲೀವರೆಗೆ ಮಗು ಈಗಿರೋ ಕಡೆನೇ ಇರುತ್ತೆ. ನಿಮ್ಮ ಲೈನ್ ಬರುತ್ತೆ ಬರುತ್ತೆ ಅಂತ ಕಾದ್ರು. ಬೇರೆ ಕೇಸೂ ಇರುತ್ತಲ್ಲ."

ದುಭಾಷಿ ಅದನ್ನು ಹಾಗೆಯೇ ಕೈಗೆ ತಂದಳು.

"ಆ ಕೊನೇ ಪ್ರಶ್ನೆಗೆ ಏನಂತ ಬರ್ಕೊಂಡಿದ್ದೀರಿ?"

ಅವನು ಹಾಳೆ ತಿರುವಿದ. "'ಪ್ರಶ್ನೆಗೆ ಉತ್ತರಿಸಲಿಲ್ಲ' ಅಂತಿದೆ."

"ಅವರು ಉತ್ತರ ಕೊಡ್ತಾ ಇದ್ರು ಸರ್. ಎರಡು ಸಲಾನೂ. ಕಡಿದಿದ್ದು ನನ್ನ ಮನೆ ಲೈನ್."

"ಅದನ್ನ ನೀವು ಈಗ ಹೇಳ್ತಿದ್ದೀರಿ ಮೇಡಂ. ಎದುರಿಗೆ ಕಂಡಿದ್ದು, ಕೈ ಕಟ್ಟಿ ಕೂತಿದ್ದು."

"ಮಾತು ತಿಳಿಯದೋರ ಮುಂದೆ ನೀವೂ ಬಾಯಿ ಮುಚ್ಚಿಕೊಂಡೇ ಕೂರ್ತೀರಿ. ಅವರಿಗೆ ಬಾಯಿ ಅಂದ್ರೆ ಕೈ. ದಯವಿಟ್ಟು ಒಳಗೆ ಹೋಗಿ ಕೇಳಿ. ತಪ್ಪು ದುಭಾಷಿದು ಅಂತಾನೇ ಬರೀಲಿ."

ದುಭಾಷಿ ಸ್ವಂತ ಮಾತು ಆಡಬಾರದೆಂಬುದು ಆ ಕೆಲಸದ ಮೊದಲ ನಿಯಮ. ಅದು ಅವಳಿಗೆ ಗೊತ್ತಿತ್ತು. ಮೇಲ್ವಿಚಾರಕಿಗೆ ಈ ವಿಷಯ ಮುಟ್ಟುತ್ತದೆ, ಇನ್ನು ಇಂಥ ಕೆಲಸ ತನಗೆ ಬರಲಿಕ್ಕಿಲ್ಲ ಎಂಬುದೂ ಗೊತ್ತಿತ್ತು. ಕ್ಲರ್ಕ್ ಹಾಳೆ ಹಿಡಿದುಕೊಂಡು, "ಊಟದ ಹೊತ್ತು, ಬೈತಾರೆ," ಎನ್ನುತ್ತ ಒಳಬಾಗಿಲ ಕಡೆ ಹೋದ.

"ಏನು ಹೇಳ್ತಿದ್ದೀಯ ಅವನ ಹತ್ತಿರ?" ಇಸ್ತ್ರಿಯವಳು ಮೊದಲ ಸಲ ಕೈ ಹೊರತೆಗೆದಳು.

"ಕಡಿದಿದ್ದು ನನ್ನ ಕಡೆ ಅಂತ."

"ನಿನ್ನ ಕಡೆನಾ? ನನ್ನದೇ ಏನೋ ತಪ್ಪಾಯ್ತು, ಅದಕ್ಕೇ ನೀನು ಹೋದೆ ಅಂದ್ಕೊಂಡೆ."

"ಇಲ್ಲ. ನನ್ನ ಮನೆಯ ಒಂದು ಸಾಮಾನು ಕೆಟ್ಟಿತ್ತು. ಅದು ಕೆಡ್ತಿದೆ ಅಂತ ಮೊದಲೇ ಹೇಳಿದವರಿದ್ದರು, ನಾನು ಕೇಳಲಿಲ್ಲ. ನಿನ್ನ ಕೆಲಸ ಬೇರೆಯವರಿಗೆ ಕೊಡ್ತೀವಿ ಅಂತ ಸಂಸ್ಥೆಯವರು ಅಂದಾಗಲೂ ನಾನು ಬಿಡಲಿಲ್ಲ."

 ಇಸ್ತ್ರಿಯವಳು ಕ್ಷಮಿಸಿದೆ ಎನ್ನಲಿಲ್ಲ. "ಬೇರೆಯವರು ಬಂದಿದ್ದರೆ ನನಗೆ ಅರ್ಧ ಬಾಯಿ ಇರ್ತಿತ್ತು," ಎಂದಳು. "ನೀನು ಬಂದೆ, ಪೂರ್ತಿ ಹೋಯ್ತು."

 

ಕ್ಲರ್ಕ್ ವಾಪಸ್ ಬಂದ. "'ದುಭಾಷಿಯ ಸಂಪರ್ಕ ಕಡಿದ ಕಾರಣ ಉತ್ತರ ದಾಖಲಿಸಲಾಗಲಿಲ್ಲ' ಅಂತ ತಿದ್ದಿದ್ದಾರೆ. ಮುಂದಿನ ಸಲ ಅದೇ ಪ್ರಶ್ನೆ ಮತ್ತೆ ಕೇಳ್ತಾರಂತೆ. ದುಭಾಷಿ ಖುದ್ದಾಗಿ ಬರಬೇಕು, ಪರದೆ ಗಿರದೆ ಬೇಡ ಅಂದ್ರು. ಇವರದೇ ಸನ್ನೆ ಬರೋರೇ ಆಗಬೇಕಂತೆ, ಅದನ್ನೂ ಬರೆಸಿದ್ದಾರೆ. ಬರ್ತೀರಾ?"

"ಸಂಸ್ಥೆ ಕಳಿಸಿದ್ರೂ ಬರ್ತೀನಿ, ಕಳಿಸದಿದ್ರೂ ಬರ್ತೀನಿ."

ಇಸ್ತ್ರಿಯವಳಿಗೆ ಎಲ್ಲವನ್ನೂ ತಿಳಿಸಿದಳು. ಅವಳು ಎದ್ದು ಸೆರಗು ಸರಿಮಾಡಿಕೊಂಡಳು. ಎರಡು ಹೆಜ್ಜೆ ಹೋದವಳು ತಿರುಗಿ ಬಂದು, ನಿಂತೇ, ಕೈ ಎತ್ತಿದಳು. ಕ್ಲರ್ಕ್ ಬಾಗಿಲ ಬೀಗ ಹಿಡಿದು ಕಾಯುತ್ತಿದ್ದ. ದುಭಾಷಿ ಅಭ್ಯಾಸಬಲದಿಂದ, ಕಂಡದ್ದನ್ನು ಕಂಡ ಹಾಗೆ ಬಾಯಿಗೆ ತರತೊಡಗಿದಳು:

"ಮಲಗುವಾಗ ಅವಳ ಬೆನ್ನ ಮೇಲೆ ನನ್ನ ಕೈ ಇರುತ್ತೆ. ಕೆಮ್ಮಿದರೆ ಕೈಗೆ ಗೊತ್ತಾಗುತ್ತೆ. ಜ್ವರ ಬಂದರೆ ಅವಳು ಅಳೋಕೆ ಮೊದಲೇ ಗೊತ್ತಾಗುತ್ತೆ. ಅವಳು ಕನಸಲ್ಲಿ ನಕ್ಕರೂ ಗೊತ್ತಾಗುತ್ತೆ. ಅವಳನ್ನ ಕರ್ಕೊಂಡು ಹೋದಾಗಿನಿಂದ ಕೈ ಎಲ್ಲಿ ಇಟ್ಕೋಬೇಕು ಅಂತ ತಿಳೀದೆ ನನಗೆ ನಿದ್ದೆ ಬರ್ತಿಲ್ಲ."

ಕ್ಲರ್ಕ್ ಬೀಗವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಇದನ್ನ ನಾನು ಬರ್ಕೊಳ್ಳೋ ಹಾಗಿಲ್ಲ ಮೇಡಂ," ಎಂದ.

"ಗೊತ್ತು."

"ಮುಂದಿನ ಸಲಾನೂ ಇದನ್ನೇ ಹೇಳೋಕೆ ಹೇಳಿ."

ದುಭಾಷಿ ಅದನ್ನೂ ಕೈಯಲ್ಲಿ ಹೇಳಿದಳು. ಇಸ್ತ್ರಿಯವಳು ಹೂಂ ಎಂದು ತಲೆಯಾಡಿಸಿ, ಪರದೆಯ ಚೌಕದಿಂದ ಹೊರಗೆ ಹೋದಳು.